ಕಾಮಾಲೆ ಸೊಪ್ಪಿನ ಕಹಿಯಕ್ಕ

ಅವಳಿಗೆ ಕಹಿಯಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಕಾಮಾಲೆಗೆ ತಾನು ಅರೆದು ಕೊಡುವ ಸೊಪ್ಪು ಕಹಿ, ಅದಕ್ಕೇ ಆ ಹೆಸರು ಬಂತು ಎಂದು ಅವಳು ತಿಳಿದಿದ್ದಳು. ಅವಳ ಬಾಯಿಗೆ ಹೆದರಿ ಯಾರೂ ಆ ತಪ್ಪನ್ನು ತಿದ್ದಲು ಹೋಗಿರಲಿಲ್ಲ.

ನಾನು ಆಗ ಆ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ಮಂಚಕ್ಕೂ ಅವರ ಅಡುಗೆಮನೆಗೂ ಮಧ್ಯೆ ಒಂದೇ ಇಟ್ಟಿಗೆ ದಪ್ಪದ ಗೋಡೆ. ಆ ಕಡೆ ಸೌಟು ಬಿದ್ದರೆ ಈ ಕಡೆ ನಾನು ಎದ್ದು ಕೂರುತ್ತಿದ್ದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ನಾನೇ ಕಂಡದ್ದು, ಉಳಿದರ್ಧ ಆ ಗೋಡೆಯ ಕೃಪೆ.

ಮನೆಯ ಮುಂದಿನ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಬೀದಿಗೆ ತೆರೆದ ಅಗಲವಾದ ಕಿಟಕಿ, ಕಿಟಕಿಗೆ ಆನಿಸಿದ ಉದ್ದನೆಯ ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಕಂದು ಬಣ್ಣಕ್ಕೆ ಸುಟ್ಟ ಒಂದು ಬಿಳಿ ದುಪ್ಪಟಿ. ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಅವಳು ಬಾಚಣಿಗೆ ಹಿಡಿದಷ್ಟು ಹಗುರಾಗಿ ಹಿಡಿಯುತ್ತಿದ್ದಳು. ಬೀದಿಯ ಬಟ್ಟೆಯೆಲ್ಲ ಅವಳ ಕೈಯಡಿಯಲ್ಲೇ ಹಾದುಹೋಗುತ್ತಿದ್ದುದರಿಂದ ಬೀದಿಯ ಗುಟ್ಟೂ ಅವಳಿಗೆ ಗೊತ್ತು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಮಾತ್ರ ಇರಲಿಲ್ಲ. "ನಿಮ್ಮ ಕಾಲರ್‌ನಲ್ಲಿರೋ ಕೊಳೇಲಿ ತರಕಾರಿ ಬೆಳೀಬಹುದು" ಎಂದು ಜನ ನಿಂತಿದ್ದಾಗಲೇ ಒಬ್ಬ ಮೇಷ್ಟರಿಗೆ ಹೇಳಿದ್ದಳು. ನನ್ನ ಅಂಗಿಯೊಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೆ ಇಸ್ತ್ರಿ ಬೇಡಪ್ಪ, ಮಣ್ಣು ಮಾಡು" ಎಂದಿದ್ದಳು.

ಗಂಡ ನೀರುಗಂಟಿ. ನಮ್ಮ ಬೀದಿಗೂ ಸುತ್ತಲಿನ ಬೀದಿಗಳಿಗೂ ಕುಡಿಯುವ ನೀರು ಬಿಡುವ ಕೆಲಸ. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲೆ ಹೊತ್ತು ಬೆಳಿಗ್ಗೆ ಹೊರಟರೆ, ಒಂದೊಂದು ಬೀದಿಯ ಕೊನೆಯಲ್ಲೂ ಮುಚ್ಚಳ ಎತ್ತಿ, ಕೀಲಿ ಇಳಿಸಿ, ಮೈಯೆಲ್ಲ ಬಗ್ಗಿಸಿ ತಿರುಗಿಸುತ್ತಿದ್ದ. ಸಣಕಲು ಮನುಷ್ಯ, ಮಾತು ಕಡಿಮೆ. ಹೆಂಡತಿ ಇಬ್ಬರ ಪಾಲಿನದನ್ನೂ ಆಡುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ, ಕೆಲಸ ಕಾಯಂ ಆಗಬೇಕು. ಸೇರಿದಾಗಿನಿಂದ ಅವನು ಹಂಗಾಮಿಯೇ. ನೀರಿನ ಕಚೇರಿಯ ಸಾಹೇಬರು ಕೆಮ್ಮಿದರೂ ಇವನು ಕೈಕಟ್ಟಿ ನಿಲ್ಲುತ್ತಿದ್ದ.

ಕಾಮಾಲೆಯ ಔಷಧಿಯನ್ನು ಅವಳಿಗೆ ಕಲಿಸಿದ್ದು ಸೋದರತ್ತೆ, ಅಂದರೆ ಅವಳ ಅಪ್ಪನ ಅಕ್ಕ. ತಾಯಿಯಿಲ್ಲದ ಇವಳನ್ನು ಸಾಕಿದವಳೂ ಆಕೆಯೇ. ಔಷಧಿಯಲ್ಲಿ ಮುಖ್ಯವಾದದ್ದು ನೆಲನೆಲ್ಲಿ. ಗೇಣುದ್ದದ ಪುಟ್ಟ ಗಿಡ, ಹುಣಸೆಯ ಎಲೆಯನ್ನು ಇನ್ನೂ ಚಿಕ್ಕದು ಮಾಡಿದಂಥ ಎಲೆ, ಎಲೆಗರಿಯನ್ನು ಮಗುಚಿದರೆ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಯಿಗಳ ಸಾಲು. ಬೇರುಸಮೇತ ಕಿತ್ತು, ಮಣ್ಣು ಹೋಗುವವರೆಗೆ ತೊಳೆದು, ಕಲ್ಲಿನಲ್ಲಿ ನುಣ್ಣಗೆ ಅರೆದು, ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ ಬರಿ ಹೊಟ್ಟೆಗೆ ಕೊಡುವುದು. ಮೈ ತುರಿಕೆ ಜಾಸ್ತಿ ಇದ್ದವರಿಗೆ ಗರುಗದ ಸೊಪ್ಪನ್ನೂ ಸೇರಿಸುತ್ತಿದ್ದಳು. ಎಣ್ಣೆ ಪದಾರ್ಥ ಬೇಡ, ಹೆಂಡ ಮುಟ್ಟಬೇಡ, ಬಿದ್ದುಕೊಂಡಿರು, ಇವು ಮೂರು ಆಜ್ಞೆ. ಯಾರಾದರೂ ವಾಸಿಯಾಗಿ ಬಂದು ಕೈಮುಗಿದರೆ, "ನನಗೇನು ಮುಗೀತೀಯ, ಸುಮಾರು ಕಾಮಾಲೆ ತಾನಾಗೇ ಇಳಿಯುತ್ತೆ. ಸೊಪ್ಪಿನ ನೆಪದಲ್ಲಿ ನೀನು ನಾಲ್ಕು ದಿನ ತೆಪ್ಪಗೆ ಮಲಗಿದ್ದೆಯಲ್ಲ, ಅದೇ ದೊಡ್ಡದು" ಎಂದು ಅಟ್ಟುತ್ತಿದ್ದಳು.

ಸೋದರತ್ತೆ ಇನ್ನೊಂದು ಮಾತನ್ನೂ ಅವಳ ತಲೆಗೆ ಕುಟ್ಟಿ ಕುಟ್ಟಿ ಇಳಿಸಿದ್ದಳಂತೆ. ಹೊಟ್ಟೆ ಊದಿಕೊಂಡವರು, ರಕ್ತ ಕಾರುವವರು, ಮಾತು ತೊದಲಿ ಮಂಕಾಗಿರುವವರು, ಬಸುರಿಯರು, ಇವರಿಗೆ ಸೊಪ್ಪು ಮುಟ್ಟಿಸಬಾರದು. ನೇರ ಆಸ್ಪತ್ರೆ. ಅದರಲ್ಲೂ ಬಸುರಿಗೆ ಕಾಮಾಲೆ ಬಂದರೆ ಒಂದು ಗಳಿಗೆ ಕೂಡ ತಡ ಮಾಡಬಾರದು. ಸೋದರತ್ತೆಯ ಕಣ್ಣೆದುರೇ ಅವಳ ತಂಗಿ ಹಾಗೆ ಹೋಗಿದ್ದಳು.

ಎದುರುಗಡೆ ಬೇಕರಿ. ಬೇಕರಿಯಮ್ಮ ಗಂಡ ಸತ್ತ ಮೇಲೆ ಒಬ್ಬಳೇ ವ್ಯಾಪಾರ ನಿಲ್ಲಿಸಿಕೊಂಡ ಗಟ್ಟಿಗಿತ್ತಿ. ದಪ್ಪ ಮೈ, ತೊಳೆದಿಟ್ಟಂಥ ಬಿಳಿ ಏಪ್ರನ್, ಗಾಜಿನ ಪೆಟ್ಟಿಗೆಯ ಹಿಂದೆ ಕುರ್ಚಿ. ಅವಳ ಒಲೆಯ ಹೊಗೆಕೊಳವೆ ಸರಿಯಾಗಿ ಕಹಿಯಕ್ಕನ ಕಿಟಕಿಗೆ ಮುಖ ಮಾಡಿತ್ತು. ಗಾಳಿ ಈ ಕಡೆ ತಿರುಗಿತೆಂದರೆ, ಆಗತಾನೆ ಇಸ್ತ್ರಿ ಮಾಡಿಟ್ಟ ಬಿಳಿ ಬಟ್ಟೆಯ ಮೇಲೆ ಮಸಿ ಬಂದು ಕೂರುತ್ತಿತ್ತು. ಕೊಳವೆ ಎತ್ತರಿಸು ಎಂದು ಇವಳು, ಕಿಟಕಿ ಮುಚ್ಚಿಕೋ ಎಂದು ಅವಳು. ನಾನು ಬಾಡಿಗೆಗೆ ಬರುವ ಹೊತ್ತಿಗೆ ಈ ಜಗಳಕ್ಕೆ ಮದುವೆ ವಯಸ್ಸಾಗಿತ್ತು. ಒಮ್ಮೆ ಕಹಿಯಕ್ಕ ಮಸಿಯಾದ ಚಾದರವೊಂದನ್ನು ಒಯ್ದು, ಗಿರಾಕಿಗಳ ಎದುರೇ ಕೇಕಿನ ಗಾಜಿನ ಮೇಲೆ ಹಾಸಿ ಬಂದಿದ್ದಳು. ಅಂದಿನಿಂದ ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ಬೈಯುವುದಿದ್ದರೆ ಬೀದಿನಾಯಿಗೆ ಬೈದ ಹಾಗೆ ಬೈಯುತ್ತಿದ್ದರು. ನಾಯಿ ಪಾಪ ಇಬ್ಬರ ಮುಖವನ್ನೂ ನೋಡುತ್ತ ನಿಲ್ಲುತ್ತಿತ್ತು.

ಬೇಕರಿಯಮ್ಮನ ಸೊಸೆ ಮಾತ್ರ ಈ ಗಡಿ ದಾಟುತ್ತಿದ್ದಳು. ಅತ್ತೆ ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತಿಗೆ ಏಪ್ರನ್‌ಗಳ ಗಂಟು ಹಿಡಿದು ಬಂದು ಸ್ಟೂಲಿನ ಮೇಲೆ ಕೂರುವಳು. ನಗುಮುಖದ ಹುಡುಗಿ. "ಅಕ್ಕಾ, ಇವತ್ತು ಯಾರಿಗೆ ಬೈದಿರಿ?" ಎಂದು ಕೇಳಿ ಬೈಸಿಕೊಂಡು, ಕಿಲಕಿಲ ನಗುವಳು. ಕಹಿಯಕ್ಕ ಗೊಣಗುತ್ತಲೇ ಮಿಕ್ಕವರ ಬಟ್ಟೆ ಪಕ್ಕಕ್ಕಿಟ್ಟು ಅವಳದನ್ನು ಮೊದಲು ಮುಗಿಸಿಕೊಡುವಳು. ಹುಡುಗಿ ಬಸುರಿಯಾದಾಗ, "ಇನ್ನು ನೀನು ಗಂಟು ಹೊತ್ತು ಬರಬೇಡ, ಕಿಟಕಿಯಿಂದ ಕೈ ಬೀಸು, ನಾನೇ ಬಂದು ಒಯ್ತೀನಿ. ನಿಮ್ಮತ್ತೆ ಮುಖ ನೋಡೋದು ನನ್ನ ಹಣೇಲಿ ಬರೆದಿದೆ, ನೋಡ್ತೀನಿ" ಎಂದಳು.

ಆ ಬೇಸಿಗೆಯಲ್ಲಿ ಕಾಮಾಲೆ ಬಂತು.

ಮೊದಲು ಸೈಕಲ್ ರಿಪೇರಿಯವನಿಗೆ. ಆಮೇಲೆ ಅವನ ಪಕ್ಕದ ಮನೆಯ ಅಣ್ಣತಮ್ಮಂದಿರಿಗೆ. ಆಮೇಲೆ ಕ್ಷೌರದಂಗಡಿಯವನ ಹೆಂಡತಿಗೆ. ನೋಡನೋಡುತ್ತ ಬೀದಿಯ ತಗ್ಗಿನ ಕಡೆ ಮನೆಗೊಬ್ಬರಂತೆ ಹಳದಿ ಕಣ್ಣು ಹೊತ್ತು ಬಂದರು. ನನಗೂ ಬಂತು. ಊಟ ನೋಡಿದರೆ ವಾಕರಿಕೆ, ಮೆಟ್ಟಿಲು ಹತ್ತಿದರೆ ಕಾಲು ಸೋತು ಕೂರುವಂತಾಗುವುದು. ಕಹಿಯಕ್ಕ ನನ್ನ ಕಣ್ಣರೆಪ್ಪೆ ಎಳೆದು ನೋಡಿ, "ಬಂತಾ ನಿನಗೂ? ಮಲಗೋಕೆ ನೆಪ ಹುಡುಕ್ತಿದ್ದೆ, ಸಿಕ್ತು" ಎಂದು ಲೋಟ ಮುಂದಿಟ್ಟಳು. ಅಂಥ ಕಹಿಯನ್ನು ನಾನು ಅದಕ್ಕೆ ಮೊದಲೂ ಕುಡಿದಿಲ್ಲ, ಆಮೇಲೂ ಕುಡಿದಿಲ್ಲ. ನಾಲಿಗೆಯ ಬುಡದಲ್ಲಿ ಅಂಟಿಕೊಂಡು ಮಧ್ಯಾಹ್ನದವರೆಗೂ ಬಿಡದು.

ಬೆಳಿಗ್ಗೆ ಇಸ್ತ್ರಿ ಮೇಜಿನ ಎದುರು ಸಾಲು ನಿಲ್ಲುತ್ತಿತ್ತು. ಅವಳು ಒಬ್ಬೊಬ್ಬರ ಕಣ್ಣು, ಉಗುರು ನೋಡುವಳು, ಬೈಯುವಳು, ಲೋಟ ಕೊಡುವಳು. ಅಷ್ಟರಲ್ಲಿ ನಲ್ಲಿಯ ನೀರು ಒಂದು ಥರ ವಾಸನೆ ಎಂದು ಜನ ಮಾತಾಡತೊಡಗಿದ್ದರು. ನೀರುಗಂಟಿಯನ್ನು ಕೇಳಿದರೆ, "ಮೇಲಿಂದ ಬರೋದೇ ಹಾಗೆ" ಎಂದು ತಲೆ ತಗ್ಗಿಸಿ ಹೋಗುತ್ತಿದ್ದ. ಕ್ಷೌರದಂಗಡಿಯವನು ಒಂದು ದಿನ ಕತ್ತರಿ ಆಡಿಸುತ್ತ ಹೇಳಿದ, "ಗಂಡ ನಲ್ಲೀಲಿ ಕಾಯಿಲೆ ಬಿಡ್ತಾನೆ, ಹೆಂಡ್ತಿ ಮಜ್ಜಿಗೇಲಿ ಔಷಧಿ ಬಿಡ್ತಾಳೆ. ಎಂಥ ಕಂಪನಿ ನೋಡಿ!" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾತು ಬೀದಿ ಸುತ್ತಿ ಬರುವಷ್ಟರಲ್ಲಿ ಅದರಲ್ಲಿದ್ದ ನಗು ಉದುರಿಹೋಗಿತ್ತು. ಸೊಪ್ಪು ಕುಡಿಯಲು ಬಂದವರೇ ಲೋಟ ಕೆಳಗಿಟ್ಟು ಅವಳನ್ನು ಓರೆಗಣ್ಣಲ್ಲಿ ನೋಡತೊಡಗಿದರು. ಕೆಲವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಅವಳೇನು ಸುಮ್ಮನಿರುವವಳಲ್ಲ. "ಕುಡಿಯೋಕೆ ನನ್ನ ಲೋಟ ಬೇಕು, ಉಗಿಯೋಕೆ ನನ್ನ ಬಾಗಿಲು ಬೇಕು" ಎಂದು ಅವರ ಬೆನ್ನಿಗೆ ಕೇಳಿಸುವಂತೆ ಕೂಗುತ್ತಿದ್ದಳು.

ಬೇಸಿಗೆಯಲ್ಲಿ ನೆಲನೆಲ್ಲಿ ಸಿಗುವುದೇ ಕಷ್ಟ. ಒಣ ನೆಲದಲ್ಲಿ ಅದು ನಿಲ್ಲುವುದಿಲ್ಲ. ಅವಳಿಗೆ ಸಿಗುತ್ತಿದ್ದುದು ಬೀದಿಯ ತುದಿಯಲ್ಲಿ, ದೊಡ್ಡ ಮೋರಿಯ ಕಲ್ಲುಗೋಡೆಯ ಪಕ್ಕದ ದಡದಲ್ಲಿ. ಸುತ್ತ ಎಲ್ಲ ಕಡೆ ಮಣ್ಣು ಬಿರುಕು ಬಿಟ್ಟಿದ್ದರೂ ಅಲ್ಲಿ ಮಾತ್ರ ಹಸಿರು ನೆಲ ಕಾಣದಷ್ಟು ಹಬ್ಬಿತ್ತು. ಚೇತರಿಸಿಕೊಳ್ಳುತ್ತಿದ್ದ ನಾನು ಒಮ್ಮೆ ಬುಟ್ಟಿ ಹಿಡಿದು ಅವಳ ಜೊತೆ ಹೋಗಿದ್ದೆ. ಗಿಡ ಕೀಳುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಬೇರಿನ ಗುಣಿಯಲ್ಲಿ ನೀರು ಊರುತ್ತಿತ್ತು. ತಿಳಿನೀರು. ಅದೇ ಹೊತ್ತಿಗೆ ಬೀದಿಯಲ್ಲಿ ಬಿಂದಿಗೆಗಳ ಸದ್ದು ಕೇಳುತ್ತಿತ್ತು. ನಲ್ಲಿಯಲ್ಲಿ ನೀರು ಬಂದಿತ್ತು. ಅವಳು ಗುಣಿಯನ್ನು ನೋಡಿದಳು, ಬೀದಿಯನ್ನು ನೋಡಿದಳು, ಬುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಒಂದೂ ಮಾತಾಡದೆ ಮನೆಗೆ ನಡೆದಳು.

ಅಂದು ಊಟದ ಹೊತ್ತಿನಲ್ಲಿ ಗೋಡೆಯ ಆಚೆಯಿಂದ ಕೇಳಿಸಿತು.

"ರೀ, ಮೋರಿ ದಡ ಯಾಕೆ ಒದ್ದೆ ಇರುತ್ತೆ?"

"ಮೋರಿ ಪಕ್ಕ ಒದ್ದೆ ಇರದೆ ಧೂಳು ಇರುತ್ತಾ?"

"ಮೋರಿ ನೀರು ಕಪ್ಪಗಿದೆ. ಅಲ್ಲಿ ಊರ್ತಿರೋದು ತಿಳಿನೀರು. ಅದೂ ನೀವು ನೀರು ಬಿಟ್ಟಾಗ ಮಾತ್ರ."

ಗಂಡ ಲೋಟ ಕೆಳಗಿಟ್ಟ ಸದ್ದು.

"ನಿಮಗೆ ಗೊತ್ತಿತ್ತಾ?"

ತಟ್ಟೆ ಸರಿದ ಸದ್ದು. ಆಮೇಲೆ ಅವನು ಬಹಳ ಮೆಲ್ಲಗೆ ಹೇಳಿದ್ದು ನನಗೆ ಪೂರ್ತಿ ಕೇಳಿಸಲಿಲ್ಲ, ಆದರೆ ಅರ್ಥವಾಯಿತು. ಪೈಪು ಮೋರಿಯ ಗೋಡೆಯ ಹಿಂದೆ ಹಾದುಹೋಗುತ್ತದೆ. ಜಾಯಿಂಟು ಬಿಟ್ಟಿದೆ. ನೀರು ಬಿಟ್ಟಾಗ ಹೊರಗೆ ಚಿಮ್ಮುತ್ತದೆ, ನಿಲ್ಲಿಸಿದಾಗ ಮೋರಿಯದನ್ನು ಒಳಗೆ ಎಳೆದುಕೊಳ್ಳುತ್ತದೆ. ಸಾಹೇಬರಿಗೆ ಹೇಳಿದ್ದಾನೆ. ಈಗ ಅಗೆಸೋದು ಆಗಲ್ಲ, ಬಾಯಿ ಮುಚ್ಚಿಕೊಂಡಿರು, ನಿನ್ನ ಕಾಯಂ ವಿಷಯ ಮೇಲೆ ಹೋಗಿದೆ ಅಂದಿದ್ದಾರೆ.

"ಇನ್ನು ಸ್ವಲ್ಪ ದಿನ ಕಣೇ. ಮಳೆ ಶುರುವಾಗೋ ಮುಂಚೆ ಹೊಸ ಪೈಪು ಹಾಕಿಸ್ತಾರಂತೆ. ನೀನು ದಯವಿಟ್ಟು ಬೀದೀಲಿ ಬಾಯಿ ಬಿಡಬೇಡ."

ಸೌಟು ಪಾತ್ರೆಯ ತಳ ಕೆರೆಯಿತು. ಆಮೇಲೆ ಅವಳ ದನಿ ಬಂತು. "ಊಟ ಮಾಡು."

ಮಾಡು, ಎಂದಳು. ಮದುವೆಯಾದಾಗಿನಿಂದ ಗಂಡನನ್ನು ಎಷ್ಟು ಬೈದರೂ ಬಹುವಚನ ಬಿಡದೆ ಬೈದವಳು. ಆವತ್ತು ಕಳಚಿದ ಬಹುವಚನ ಮತ್ತೆ ಆ ಮನೆಗೆ ಬರಲಿಲ್ಲ.

ಆದರೆ ಅವಳು ಬೀದಿಯಲ್ಲಿ ಬಾಯಿ ಬಿಡಲಿಲ್ಲ. ಅದೂ ನಿಜ. ಬಂದವರಿಗೆಲ್ಲ, "ನೀರು ಕುದಿಸಿ ಕುಡೀರೋ, ಸೋಮಾರಿಗಳಾ" ಎಂದು ಗದರಿದಳು. ಯಾಕೆಂದು ಹೇಳಲಿಲ್ಲ. ಅವಳು ದಿನಕ್ಕೆ ನೂರು ಗದರುತ್ತಿದ್ದಳು, ಇದು ನೂರೊಂದನೆಯದು ಎಂದು ಜನ ತಿಳಿದರು.

ಬೇಕರಿಯ ಸೊಸೆ ಕಿಟಕಿಯಿಂದ ಕೈ ಬೀಸುವುದು ನಿಂತಿತು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ, ಸಾಲು ನಿಂತಿರುವಾಗಲೇ, ಬೇಕರಿಯಮ್ಮ ಸೊಸೆಯ ತೋಳು ಹಿಡಿದುಕೊಂಡು ಬೀದಿ ದಾಟಿ ಬಂದಳು. ಇಷ್ಟು ವರ್ಷದಲ್ಲಿ ಆ ಹೊಸಿಲಿನ ಹತ್ತಿರ ಅವಳು ಬಂದದ್ದು ಅದೇ ಮೊದಲು. ಜನ ದಾರಿ ಬಿಟ್ಟರು. ಹುಡುಗಿ ಸ್ಟೂಲಿನ ಮೇಲೆ ಕುಳಿತು, ದೊಡ್ಡ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಗಲು ನೋಡಿದಳು.

ಕಹಿಯಕ್ಕ ಅವಳ ರೆಪ್ಪೆ ಎಳೆದು ನೋಡಿದಳು. ಕಣ್ಣು ಅರಿಸಿನ ಬಳಿದ ಹಾಗಿತ್ತು. ಕಹಿಯಕ್ಕ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರೇನೋ. ಅವಳಿಗೆ ಭಯವಾದರೂ ಬರುತ್ತಿದ್ದುದು ಸಿಟ್ಟೇ.

"ಏಳು. ಎದ್ದು ಹೋಗು ಇಲ್ಲಿಂದ. ಬಸುರಿಗೆ ನನ್ನ ಹತ್ರ ಏನೂ ಇಲ್ಲ."

ಬೇಕರಿಯಮ್ಮ ಸಣ್ಣ ದನಿಯಲ್ಲಿ, "ಎಲ್ಲರಿಗೂ ಕೊಡ್ತಿದ್ದೀಯ. ಇವಳಿಗೊಂದು ಲೋಟ ಕೊಡು. ನಾನು ಕೇಳ್ತಿದ್ದೀನಿ" ಎಂದಳು. ಅವಳ ಬಾಯಲ್ಲಿ ಅಷ್ಟು ಮಾತು ಬರಬೇಕಾದರೆ ಎಷ್ಟು ನುಂಗಿರಬೇಕು!

"ಕೊಡಲ್ಲ ಅಂದ್ರೆ ಕೊಡಲ್ಲ. ಯಾವ ಮುಖ ಇಟ್ಕೊಂಡು ಬಂದೆ? ಇಷ್ಟು ವರ್ಷ ನನ್ನ ಬಟ್ಟೆ ಮೇಲೆ ಮಸಿ ಸುರಿದೆ, ಇವತ್ತು ನನ್ನ ಬಾಗಿಲು ಬೇಕಾಯ್ತಾ? ಬಸುರಿ ಹೆಂಗಸಿನ ಕಣ್ಣು ಇಷ್ಟು ಹಳದಿ ಆಗೋವರೆಗೂ ಬನ್ನು ಮಾರ್ತಾ ಕೂತಿದ್ಯಾ? ದುಡ್ಡು ಬಿಚ್ಚು, ಆಸ್ಪತ್ರೆಗೆ ಹಾಕು. ಹೋಗು, ನಿಂತ್ಕೋಬೇಡ ಇಲ್ಲಿ!"

ಬೇಕರಿಯಮ್ಮನ ಕತ್ತು ಕೆಂಪಗಾಯಿತು. ಇಡೀ ಬೀದಿ ನೋಡುತ್ತಿತ್ತು. "ಏಳಮ್ಮ" ಎಂದು ಸೊಸೆಯನ್ನು ಎಬ್ಬಿಸಿದಳು. "ಇವಳ ಹೊಟ್ಟೇಲಿ ಇರೋದು ಗೊತ್ತಾಯ್ತಲ್ಲ. ಸೊಪ್ಪು ಇವಳ ಅಪ್ಪನ ಮನೆ ಆಸ್ತಿಯಾ? ಬೇರೆ ಕಡೆ ಸಿಗುತ್ತೆ." ಹುಡುಗಿ ಹೋಗುತ್ತ ಹೋಗುತ್ತ ಒಮ್ಮೆ ತಿರುಗಿ ನೋಡಿದಳು.

ಬೇರೆ ಕಡೆ ಸಿಕ್ಕಿತು, ನಮಗೆ ತಿಳಿದದ್ದು ಆಮೇಲೆ. ಯಾವುದೋ ಪೇಟೆಯ ಮೂಲೆಯಲ್ಲಿ ಬೇರುನಾರು ಮಾರುವವನೊಬ್ಬ ಇನ್ಯಾವುದೋ ಪುಡಿ, ಇನ್ಯಾವುದೋ ಸೊಪ್ಪು ಕೊಟ್ಟ. ಬೇಕರಿಯಮ್ಮ ತಾನೇ ಅರೆದು, ಸೋಸಿ, ಪ್ರೀತಿಯಿಂದಲೇ ಕುಡಿಸಿದಳು. ಎದುರಿನ ಕಿಟಕಿಯ ಪರದೆ ಎಳೆದೇ ಇತ್ತು. ಕಹಿಯಕ್ಕ ಇಸ್ತ್ರಿ ಮಾಡುತ್ತ ಆಗಾಗ ಅಲ್ಲಿಗೆ ಕಣ್ಣು ಹಾಯಿಸಿ, "ಆಸ್ಪತ್ರೇಲಿ ಇರಬೇಕು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಎದ್ದು ಹೋಗಿ ವಿಚಾರಿಸಲು ಅವಳ ಕಾಲು ಬರಲಿಲ್ಲ. ಪರದೆಯ ಹಿಂದೆ ಹುಡುಗಿ ಮಲಗಿದಲ್ಲೇ ಮಂಕಾಗುತ್ತ, ಗಂಡನ ಹೆಸರು ಮರೆಯುತ್ತ ಇದ್ದಳು. ಕೊನೆಗೆ ಒಂದು ಮಧ್ಯಾಹ್ನ ಬೇಕರಿಯ ಮುಂದೆ ಬಾಡಿಗೆ ಕಾರು ಬಂದು ನಿಂತಿತು. ಬೇಕರಿಯಮ್ಮನ ಮಗ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿಬಂದ. ಅವಳ ಒಂದು ಚಪ್ಪಲಿ ಬೀದಿಯಲ್ಲಿ ಬಿತ್ತು. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದು ಕಹಿಯಕ್ಕ ಕಿಟಕಿಯಲ್ಲಿ ನಿಂತಿದ್ದಳು. "ಇಲ್ಲೇ ಇದ್ಲಾ?" ಎಂದಳು. "ಇಷ್ಟು ದಿನ ಇಲ್ಲೇ ಇದ್ಲಾ?"

ತಾಯಿ, ಮಗು ಇಬ್ಬರೂ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಬೀದಿಯ ಜನ ಕಹಿಯಕ್ಕನ ಬಾಗಿಲಿಗೆ ಬಂದರು. ಮುಂದೆ ಬೇಕರಿಯಮ್ಮ. ಏಪ್ರನ್ ಇಲ್ಲದ ಅವಳನ್ನು ನಾನು ಮೊದಲ ಸಲ ನೋಡಿದ್ದು; ಯಾರದೋ ಮನೆಯ ಮುದುಕಿಯ ಹಾಗೆ ಕಂಡಳು.

"ಮಸಿಗೋಸ್ಕರ ಕೊಂದೆ" ಎಂದಳು. ಕೂಗಲೂ ಇಲ್ಲ. "ಬಟ್ಟೆ ಮೇಲೆ ಮಸಿ ಬಿತ್ತು ಅಂತ ನನ್ನ ಸೊಸೇನ, ನನ್ನ ಮೊಮ್ಮಗೂನ ಕೊಂದೆ."

ಹಿಂದಿನಿಂದ ಯಾರೋ ಕಲ್ಲು ಎಸೆದರು. ಕಿಟಕಿಯ ಬಾಗಿಲಿಗೆ ಬಿತ್ತು. ಕ್ಷೌರದಂಗಡಿಯವನು ಒಳನುಗ್ಗಿ ಮೇಜು ಮಗುಚಿದ. ಇಸ್ತ್ರಿಪೆಟ್ಟಿಗೆ ಬಿದ್ದು ಕೆಂಡ ನೆಲದ ತುಂಬ ಚೆಲ್ಲಿತು, ಒಂದು ಚಾದರ ಹೊಗೆಯಾಡಿತು. ಇನ್ನೊಬ್ಬ ಅಡುಗೆಮನೆಗೆ ಹೋಗಿ ಸೊಪ್ಪು ಅರೆಯುವ ಕಲ್ಲನ್ನು ಎತ್ತಿ ಹಿತ್ತಲಿಗೆ ಎಸೆದ. ನೀರುಗಂಟಿ ಬಾಗಿಲ ಸಂದಿಯಲ್ಲಿ ಅಂಟಿಕೊಂಡು, "ಬೇಡಿ, ಬೇಡಿ" ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ.

"ಗಂಡ ವಿಷ ಬಿಡೋದು, ಹೆಂಡ್ತಿ ಔಷಧಿ ಮುಚ್ಚಿಡೋದು!" ಎಂದು ಯಾರೋ ಕೂಗಿದರು.

ಆಗ ಕಹಿಯಕ್ಕನ ತಾಳ್ಮೆ ತಪ್ಪಿತು. ಅದು ನ್ಯಾಯದ ಸಿಟ್ಟು ಎಂದು ನಾನು ಹೇಳಲಾರೆ. ಮೂಲೆಗೆ ಒತ್ತಿದ ಬೆಕ್ಕಿನ ಸಿಟ್ಟು ಅದು. ಮೂಲೆಯಲ್ಲಿದ್ದ ಗಂಡನ ಕಬ್ಬಿಣದ ಕೀಲಿಯನ್ನು ಎತ್ತಿಕೊಂಡು ಹೊರಗೆ ಬಂದಳು.

"ಕೊಂದೋಳು ನಾನಲ್ಲ! ಯಾವುದು ಕೊಂದಿದ್ದು ತೋರಿಸ್ತೀನಿ, ಬನ್ನಿ. ಕಾಲಿದ್ದೋರೆಲ್ಲ ಬನ್ನಿ!"

ಗಂಡ ಓಡಿಬಂದು ಅವಳ ತೋಳು ಹಿಡಿದ. "ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ." ಅವಳು ತೋಳು ಕೊಡವಿದ ರಭಸಕ್ಕೆ ಅವನು ಕಂಬಕ್ಕೆ ತಾಗಿ ನಿಂತ.

ಮೋರಿಯ ದಡದಲ್ಲಿ ಅವಳು ನೆಲನೆಲ್ಲಿಯನ್ನು ಎರಡೂ ಕೈಯಿಂದ ಬಾಚಿ ಬಾಚಿ ಕಿತ್ತೆಸೆದಳು. ಕೀಲಿಯ ತುದಿಯಿಂದ ನೆಲ ತೋರಿಸಿ, "ಅಗೀರಿ" ಎಂದಳು. ಸೈಕಲ್ ರಿಪೇರಿಯವನೂ ಇನ್ನಿಬ್ಬರೂ ಹಾರೆ ತಂದು ಅಗೆದರು. ಬಹಳ ಅಗೆಯಬೇಕಾಗಲಿಲ್ಲ. ಕಪ್ಪು ರಾಡಿಯೊಳಗೆ ಪೈಪಿನ ಬೆನ್ನು ಕಾಣಿಸಿತು. ಜಾಯಿಂಟಿನ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿತ್ತು. ಪಟ್ಟಿ ಕೊಳೆತು ಸಡಿಲಾಗಿ, ಅದರ ಸಂದಿಯಿಂದ ರಾಡಿ ಗುಳುಗುಳು ಎನ್ನುತ್ತಿತ್ತು. ಯಾರೋ ವಾಂತಿ ಮಾಡಿಕೊಂಡರು.

ಸೈಕಲ್ ರಿಪೇರಿಯವನು ಬಗ್ಗಿ ಆ ಪಟ್ಟಿಯನ್ನು ಮುಟ್ಟಿ ನೋಡಿದ. ತಲೆ ಎತ್ತಿ ನೀರುಗಂಟಿಯನ್ನು ನೋಡಿದ. "ಹಳೇ ಟ್ಯೂಬ್ ಇದ್ರೆ ಕೊಡಣ್ಣ, ಏನೋ ಕಟ್ಟೋದಿದೆ ಅಂತ ಚಳಿಗಾಲದಲ್ಲಿ ನೀನೇ ಬಂದು ಕೇಳ್ದೆ. ನಾನೇ ಕೊಟ್ಟೆ. ಆವತ್ತಿಂದ ನಿನಗೆ ಗೊತ್ತಿತ್ತು."

ಆಮೇಲೆ ಆದದ್ದನ್ನು ವಿವರವಾಗಿ ಬರೆಯಲು ಮನಸ್ಸಾಗುವುದಿಲ್ಲ. ಮೋರಿಯ ದಡದಲ್ಲೇ ಅವನನ್ನು ಕೆಡವಿ ಹೊಡೆದರು. ಕಹಿಯಕ್ಕ ಮೊದಮೊದಲು ಕೈಕಟ್ಟಿ ನೋಡುತ್ತ ನಿಂತಿದ್ದಳು. ಅವನು ಕೂಗುವುದನ್ನು ನಿಲ್ಲಿಸಿದಾಗ ಕೀಲಿ ಬೀಸಿಕೊಂಡು ನುಗ್ಗಿದಳು. "ಸಾಕು! ಉಳಿದಿದ್ದನ್ನ ನಾನು ನೋಡ್ಕೋತೀನಿ, ನನ್ನ ಗಂಡ ಅವನು!" ಜನ ಹಿಂದೆ ಸರಿದರು.

ಮಾರನೆಯ ದಿನ ಸಾಹೇಬರು ಬಂದರು. ಗುಂಡಿಯ ಅಂಚಿನಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ನಿಂತು, ಇಂಥ ಹೊಣೆಗೇಡಿಯನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಹಂಗಾಮಿಯವನನ್ನು ತೆಗೆಯಲು ಒಂದು ಬಾಯಿಮಾತು ಸಾಕಾಯಿತು. ತನಗೆ ಯಾರು ಏನು ಹೇಳಿದ್ದರು ಎಂದು ನೀರುಗಂಟಿ ಬಾಯಿ ಬಿಡಲಿಲ್ಲ. ಬಿಡುತ್ತೇನೆಂದರೂ ಆಗ ಅವನ ದವಡೆ ಊದಿಕೊಂಡಿತ್ತು. ಕಹಿಯಕ್ಕ ಬಿಟ್ಟಳು, ಸಾಹೇಬರ ಎದುರೇ ಬಿಟ್ಟಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಹೊಸ ಪೈಪು ಬಂತು. ಕಾಮಾಲೆ ಮೆಲ್ಲಮೆಲ್ಲಗೆ ಇಳಿಯಿತು. ನೀರು ತಿಳಿಯಾದ ಮೇಲೂ ಆ ಮನೆಯ ಜೊತೆ ಬೀದಿ ಮಾತಾಡಲಿಲ್ಲ.

ಮನೆಯೊಳಗೂ ಅಷ್ಟೆ. ಗಂಡ ಎದ್ದು ಓಡಾಡುವಂತಾದ ಮೇಲೆ ಗೋಡೆಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ, "ನನ್ನನ್ನ ಬೀದಿಗೆ ಹಾಕ್ದೆ ನೀನು" ಎಂಬುದು.

"ನೀನು ಬೀದೀನೇ ಮೋರಿಗೆ ಹಾಕಿದ್ದೆ."

"ನಿನಗೂ ಗೊತ್ತಿತ್ತು. ನೀನೂ ಸುಮ್ಮನಿದ್ದೆ."

ಇದಕ್ಕೆ ಅವಳು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದೆ ಬಿಟ್ಟದ್ದನ್ನು ನಾನು ಆ ಗೋಡೆಯ ಪಕ್ಕದಲ್ಲಿ ಕೇಳಿದ್ದು ಅದೊಂದೇ ಸಲ. ಅವನು ಒಂದು ಗೋದಾಮಿನ ಕಾವಲಿಗೆ ಸೇರಿದ. ಒಂದೇ ಸೂರು, ಎರಡು ಮನೆ ಎನ್ನುವ ಹಾಗೆ ಬದುಕಿದರು. ಅವಳು ಅಡುಗೆ ಮಾಡಿ ಮುಚ್ಚಿಡುವಳು, ಅವನು ತಾನೇ ಬಡಿಸಿಕೊಂಡು ತಿಂದು ತಟ್ಟೆ ತೊಳೆದಿಡುವನು.

ಬಟ್ಟೆಯ ಗಂಟುಗಳು ಮಾತ್ರ ಒಂದೊಂದಾಗಿ ವಾಪಸು ಬಂದವು. ಅವಳಷ್ಟು ಚೆನ್ನಾಗಿ ಇಸ್ತ್ರಿ ಮಾಡುವವರು ಸುತ್ತಮುತ್ತ ಇರಲಿಲ್ಲ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಮೇಜು ಮಗುಚಿದ ಕ್ಷೌರದಂಗಡಿಯವನೇ ಒಂದು ದಿನ ಅಂಗಿಗಳನ್ನು ಮೇಜಿನ ಮೇಲಿಟ್ಟು, ಆಕಾಶ ನೋಡುತ್ತ, "ಸಂಜೆಗೆ ಬೇಕು" ಎಂದ. "ಸಂಜೆಗೆ ಬೇಕಾದ್ರೆ ನಿನ್ನೆ ಕೊಡಬೇಕಿತ್ತು" ಎಂದು ಅವಳೂ ಆಕಾಶ ನೋಡುತ್ತಲೇ ಹೇಳಿದಳು.

ಮಳೆಗಾಲ ಕಳೆದ ಮೇಲೆ ಬೇಕರಿಯಮ್ಮ ಬಂದಳು. ನಾನು ಆಗ ನನ್ನ ಪ್ಯಾಂಟಿಗಾಗಿ ಕಾಯುತ್ತ ಅಲ್ಲೇ ಇದ್ದೆ. ಕೈಯಲ್ಲಿ ಒಂದು ಗಂಟು. ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು.

"ಸೊಸೆ ಬಟ್ಟೆ. ಅವಳ ತವರಿಗೆ ಕಳಿಸಬೇಕು. ಮುದುರಿದ್ದನ್ನ ಕಳಿಸೋದು ಚೆನ್ನಾಗಿರಲ್ಲ."

ಕಹಿಯಕ್ಕ ಪೆಟ್ಟಿಗೆಯ ಕೆಂಡ ಊದಿದಳು. ಒಂದೊಂದೇ ಬಟ್ಟೆ ತೆಗೆದು, ತೋಳು, ಅಂಚು, ಗುಂಡಿಯ ಸುತ್ತ, ನಿಧಾನವಾಗಿ ಪೆಟ್ಟಿಗೆ ಆಡಿಸಿದಳು. ಬೇಕರಿಯಮ್ಮ ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದಳು.

"ಆವತ್ತೇ ಆಸ್ಪತ್ರೆಗೆ ಹೋಗಿದ್ರೆ ಬದುಕ್ತಿದ್ಲಾ?" ಎಂದು ಕೇಳಿದಳು.

"ಗೊತ್ತಿಲ್ಲ. ಬದುಕಿರಬಹುದಿತ್ತು." ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಹಿಯಕ್ಕ ಮುಂದುವರಿಸಿದಳು, "ನಾನು ಹೇಳಿದ್ದೆ ನಿನಗೆ. ಆಸ್ಪತ್ರೆಗೆ ಹಾಕು ಅಂತ ಅಷ್ಟು ಜನರ ಎದುರು ಹೇಳಿದ್ದೆ."

"ನೀನು ಬೈದೆ" ಎಂದಳು ಬೇಕರಿಯಮ್ಮ. "ಹೇಳಲಿಲ್ಲ. ಹೇಳಿದ್ರೆ ಹೋಗ್ತಿದ್ದೆ."

ಕಹಿಯಕ್ಕ ಕೈಯಡಿಯಲ್ಲಿದ್ದ ಬಟ್ಟೆಯನ್ನು ಮತ್ತೆ ಬಿಡಿಸಿ, ಮತ್ತೆ ಮಡಿಸಿದಳು. ಗಂಟು ಕಟ್ಟಿಕೊಟ್ಟಳು. ಬೇಕರಿಯಮ್ಮ ಅದನ್ನು ಎದೆಗೆ ಅವಚಿಕೊಂಡು ಹೋದಳು. ಅವರಿಬ್ಬರೂ ಮತ್ತೆ ಮಾತಾಡಿದ್ದನ್ನು ನಾನು ಕಾಣೆ. ಹಗೆ ಹೋಗಲಿಲ್ಲ, ಅದರ ಗದ್ದಲ ಹೋಯಿತು ಅಷ್ಟೆ. ಬೀದಿನಾಯಿ ಬೈಗುಳವಿಲ್ಲದೆ ಬದುಕುವುದನ್ನು ಕಲಿಯಿತು.

ಅದಾದ ಮೇಲೆ ನಾನು ಬೇರೆ ಕಡೆ ಮನೆ ಮಾಡಿದೆ. ಕಹಿಯಕ್ಕ ಸೊಪ್ಪು ಕೊಡುವುದನ್ನು ಬಿಟ್ಟಳು, ಇಲ್ಲ ಬಿಟ್ಟಿಲ್ಲ, ಎಂದು ಎರಡೂ ಸುದ್ದಿ ಕೇಳುತ್ತಿದ್ದೆ. ಕೆಲವು ವರ್ಷಗಳ ನಂತರ ನನ್ನ ಅಣ್ಣನಿಗೆ ಮೈ ಸರಿಯಿಲ್ಲವೆಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಹೊರರೋಗಿಗಳ ಉದ್ದನೆಯ ಓಣಿಯಲ್ಲಿ ಗದ್ದಲ ಕೇಳಿಸಿತು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ದನಿ ಅದೇ.

"ಸಾಲಂತೆ ಸಾಲು! ಇವಳ ಕಣ್ಣು ನೋಡು ತಾಯಿ, ಹೊಟ್ಟೆ ನೋಡು. ಸಾಲಿನ ಕೊನೇಲಿ ನಿಂತ್ರೆ ಇವಳ ಸರದಿ ಬರೋವಷ್ಟರಲ್ಲಿ ಇವಳೇ ಇರಲ್ಲ. ಡಾಕ್ಟರನ್ನ ಕರಿ, ಇಲ್ಲಾಂದ್ರೆ ನಾನೇ ಒಳಗೆ ಹೋಗ್ತೀನಿ!"

ನರ್ಸು ಸಿಡಿಮಿಡಿಗೊಂಡು ಒಳಗೆ ಓಡಿದಳು. ಬೆಂಚಿನ ಮೇಲೆ ಹಳದಿ ಕಣ್ಣಿನ ಒಬ್ಬ ಬಸುರಿ ಹುಡುಗಿ ಕಹಿಯಕ್ಕನ ಸೆರಗಿನ ತುದಿ ಹಿಡಿದುಕೊಂಡು ಕುಳಿತಿದ್ದಳು. ದಾರಿಯುದ್ದಕ್ಕೂ ಬೈಸಿಕೊಂಡೇ ಬಂದಿರಬೇಕು, ಮುಖ ಅಳುವ ಹಾಗಿತ್ತು. ಕಹಿಯಕ್ಕ ಅವಳ ಕಡೆ ಬಗ್ಗಿ, ನಾನೆಂದೂ ಕೇಳಿರದ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ನೋಡಮ್ಮ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದು ಸೊಪ್ಪಿಗೆ ಹೋಗೋ ಕಾಯಿಲೆ ಅಲ್ಲ. ಇವರು ಹೇಳೋವರೆಗೂ ಇಲ್ಲಿಂದ ಏಳಬೇಡ. ಗೊತ್ತಾಯ್ತಾ?" ಹುಡುಗಿ ತಲೆಯಾಡಿಸಿದಳು.

ಆಮೇಲೆ ಕಹಿಯಕ್ಕ ತಲೆ ಎತ್ತಿದಳು. ನನ್ನನ್ನು ಗುರುತು ಹಿಡಿದಳೋ ಇಲ್ಲವೋ.

"ಏನು ಕಂಬದ ಥರ ನಿಂತು ನೋಡ್ತಿದ್ದೀಯ? ಆ ಕಡೆ ಸರಿ, ಇವಳಿಗೆ ಗಾಳಿ ಬರಲಿ."

ನಾನು ಸರಿದು ನಿಂತೆ.